42ಕ್ಕೇ ನಿವೃತ್ತಿ! ಪ್ಯಾರಿಸ್ ಒಪೆರಾದ ಬ್ಯಾಲೆ ಕಲಾವಿದರಿಗೆ ಇದು ನ್ಯಾಯವೋ ಅನ್ಯಾಯವೋ?

ಸೆನ್_ದಂಡೆ:

ಎಲ್ಲರಿಗೂ ನಮಸ್ಕಾರ. ನಾವಿರೋದು ಪ್ಯಾರಿಸ್ ಪಕ್ಕದ ಊರಲ್ಲಿ. ಮಗಳಿಗೀಗ ಹನ್ನೊಂದು ವರ್ಷ. ಇಲ್ಲಿನ ನಗರಸಭೆ ನಡೆಸೋ ಶಾಲೆಯಲ್ಲಿ ಬ್ಯಾಲೆ ಕಲೀತಿದಾಳೆ. "ದೊಡ್ಡೋಳಾದ್ಮೇಲೆ ಒಪೆರಾ ಸೇರ್ತೀನಿ", ಅಂದ್ರೆ ಪ್ಯಾರಿಸ್ ಒಪೆರಾ ಅನ್ನೋ ರಂಗಸಂಸ್ಥೆಯ ಬ್ಯಾಲೆ ತಂಡ ಸೇರ್ತೀನಿ ಅಂತ ಕೂತರೆ ನಿಂತರೆ ಅದೇ ಜಪ.

ಹಾಗಾಗಿ ಆ ವೃತ್ತಿ ಹೇಗೆ, ಏನು ಅಂತ ವಿಚಾರಿಸ್ತಾ ಹೋದೆ. ಪ್ಯಾರಿಸ್ ಒಪೆರಾ ಬ್ಯಾಲೆಯಲ್ಲಿ ನೂರೈವತ್ತರ ಆಸುಪಾಸು ಕಲಾವಿದರಿದ್ದಾರೆ. ಸಾಮಾನ್ಯವಾಗಿ ಚಿಕ್ಕ ವಯಸ್ಸಿಗೇ ನಾಂತೇರ್‌ನಲ್ಲಿರೋ ಒಪೆರಾ ಶಾಲೆ ಸೇರಬೇಕು, ಹದಿನಾರು-ಹದಿನೆಂಟಕ್ಕೆ ತಂಡಕ್ಕೆ ಆಯ್ಕೆಯಾಗಬೇಕು. ಆಮೇಲೆ ಒಂದೊಂದೇ ದರ್ಜೆ ಹತ್ತಬೇಕು. ತೀರಾ ಮೇಲಿನ ‘ಎತ್ವಾಲ್’ ದರ್ಜೆ ಮುಟ್ಟೋರು ಕೆಲವೇ ಜನ. ಆದ್ರೆ ಎತ್ವಾಲ್ ಆಗಿರಲಿ, ಹಂಸದ ವೇಷದಲ್ಲಿ ಹಿಂದಿನ ಸಾಲಿನಲ್ಲಿ ನಿಲ್ಲೋರಾಗಿರಲಿ, 42 ತುಂಬಿತೋ ಮುಗೀತು. ಹಿಂದೆ ಹೆಂಗಸರಿಗೆ 40, ಗಂಡಸರಿಗೆ 45 ಅಂತಿತ್ತು. ಈಗ ಇಬ್ಬರಿಗೂ ಒಂದೇ.

ಮಗಳ ಟೀಚರ್ ಅಲ್ಲೇ ಇದ್ದು 42ಕ್ಕೆ ನಿವೃತ್ತರಾಗಿ ಬಂದವರು. ಈಗ್ಲೂ ಬಾರ್ (ಅಭ್ಯಾಸಕ್ಕೆ ಹಿಡಿಯೋ ಅಡ್ಡ ಕಂಬಿ) ಹಿಡಿದು ಕಾಲೆತ್ತಿದ್ರೆ ಪಾದ ಕಿವಿ ಪಕ್ಕಕ್ಕೆ ಬರುತ್ತೆ. "ಆ ಜುಲೈವರೆಗೆ ದಿನಾ ಬೆಳಿಗ್ಗೆ ಕ್ಲಾಸ್ ಇತ್ತು. ಸೆಪ್ಟೆಂಬರ್ ಬಂದಾಗ ಎದ್ದು ಎಲ್ಲಿಗೆ ಹೋಗೋದು ಅಂತಾನೇ ಗೊತ್ತಾಗ್ಲಿಲ್ಲ" ಅಂದ್ರು. ನಂಗೆ ಹೊಟ್ಟೆ ಚುರುಕ್ ಅಂತು. ದೇಹ ಇನ್ನೂ ಮಾತು ಕೇಳ್ತಿರುವಾಗ ಹುಟ್ಟಿದ ತಾರೀಕು ನೋಡಿ ಮನೆಗೆ ಕಳಿಸೋದು ಸರಿಯಾ? ಮಗಳನ್ನ ಈ ದಾರೀಲಿ ಬಿಡೋ ಮುಂಚೆ ತಿಳಿದೋರ ಮಾತು ಕೇಳೋಣ ಅನ್ನಿಸ್ತು.

ಧಾರವಾಡದಾಂವ:

ಇದು ಶುದ್ಧ ಅನ್ಯಾಯ ನೋಡ್ರಿ. ಕಲೆ ಮಾಗೂದ ನಲವತ್ತರ ಮ್ಯಾಲೆ. ನಮ್ಮ ಮಲ್ಲಿಕಾರ್ಜುನ ಮನ್ಸೂರ ಅವರು ಎಪ್ಪತ್ತು ದಾಟಿದ ಮ್ಯಾಲೆ ಹಾಡಿದ್ದನ್ನ ಕೇಳ್ರಿ. ಗಂಗೂಬಾಯಿ ಅವರನ್ನ 42ಕ್ಕ ಮನೀಗೆ ಕಳಿಸಿದ್ದರ ಏನ್ ಉಳೀತಿತ್ತು ನಮಗ? ಸರಕಾರಿ ಗುಮಾಸ್ತರಿಗೆ ವಯಸ್ಸಿನ ಲೆಕ್ಕ ಇರ್ಲಿ, ಕಲಾವಿದರಿಗೆ ಯಾಕ ಬೇಕು?

ಕಡಲ_ತಡಿ:

ಸರಿಯಾಗಿ ಹೇಳಿದ್ರಿ. ಹಾಡಿನ ಮಾತು ಬಿಡಿ, ಕುಣಿತದ್ದೇ ತೆಗೊಳ್ಳಿ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಎಂಬತ್ತು ದಾಟಿದ ಮೇಲೂ ಗೆಜ್ಜೆ ಕಟ್ಟಿದವರು ಮಾರಾಯ್ರೆ. ಅವರ ಭಸ್ಮಾಸುರ, ಕೀಚಕ ನೋಡಿದವರಿಗೆ ಗೊತ್ತುಂಟು. ಕೆರೆಮನೆ ಶಂಭು ಹೆಗಡೆಯವರಂತೂ 2009ರಲ್ಲಿ ಇಡಗುಂಜಿಯಲ್ಲಿ ರಾಮನ ಪಾತ್ರ ಮಾಡ್ತಿದ್ದಾಗಲೇ ಅಸ್ವಸ್ಥರಾಗಿ ಹೋದ್ರು. ಎಪ್ಪತ್ತು ಆಗಿತ್ತು ಅವರಿಗೆ. ನಿಮ್ಮ ಪ್ಯಾರಿಸಿನ ಕಾನೂನು ಇಲ್ಲಿದ್ದಿದ್ರೆ ಯಕ್ಷಗಾನವೇ ಇರ್ತಿರಲಿಲ್ಲ.

ಫಿಸಿಯೋ_ಕುವೆಂಪುನಗರ:

ಸ್ವಲ್ಪ ನಿಧಾನ ಸಾರ್ ಇಬ್ರೂ. ಗಂಟಲು ಬೇರೆ, ಹಿಮ್ಮಡಿ ಬೇರೆ. ನಾನು ಮೈಸೂರಲ್ಲಿ ಫಿಸಿಯೋಥೆರಪಿಸ್ಟ್. ನೃತ್ಯದವರ ಕಾಲು, ಮಂಡಿ, ಸೊಂಟ ನೋಡೋದೇ ನನ್ನ ಕೆಲಸದ ದೊಡ್ಡ ಪಾಲು.

ಬೆರಳ ತುದಿ ಮೇಲೆ ನಿಲ್ಲೋಕೆ ಬ್ಯಾಲೆಯವರು ಹಾಕೋ ಪಾಯಿಂಟ್ ಶೂ ಒಳಗೆ ಕಬ್ಬಿಣ, ಮರ ಏನೋ ಇರುತ್ತೆ ಅಂದ್ಕೋತಾರೆ ಜನ. ಏನೂ ಇಲ್ಲ. ಬಟ್ಟೆ, ಕಾಗದ, ಅಂಟು ಪದರ ಪದರವಾಗಿ ಹಾಕಿ ಗಟ್ಟಿ ಮಾಡಿರ್ತಾರೆ, ಮೇಲೆ ಸ್ಯಾಟಿನ್. ಪ್ರಮುಖ ಪಾತ್ರ ಮಾಡೋರಿಗೆ ಒಂದು ಜೊತೆ ಒಂದು ಪ್ರದರ್ಶನ ಬಾಳಿಕೆ ಬಂದರೆ ಹೆಚ್ಚು. ಅಷ್ಟರ ಮೇಲೆ ಮೈ ಭಾರ ಪೂರ್ತಿ ಬೆರಳ ತುದಿಗೆ. ಹೆಬ್ಬೆರಳು ಮಡಿಸೋ ಸ್ನಾಯುವಿನ ದಾರ ಹಿಮ್ಮಡಿ ಹಿಂದೆ ಒಂದು ಇಕ್ಕಟ್ಟಾದ ಜಾಗದಲ್ಲಿ ಹಾದು ಹೋಗುತ್ತೆ. ಬ್ಯಾಲೆಯವರಲ್ಲಿ ಅದು ಉಜ್ಜಿ ಉಜ್ಜಿ ಊದಿಕೊಳ್ಳುತ್ತೆ. ಸೊಂಟದಿಂದಲೇ ಕಾಲನ್ನ ಹೊರಕ್ಕೆ ತಿರುಗಿಸಿ ನಿಲ್ಲೋದರಿಂದ ತೊಡೆಯೆಲುಬು ಕೂರೋ ಕುಳಿಯ ಅಂಚಿನ ಮೆತ್ತನೆ ಉಂಗುರ ಹರಿಯುತ್ತೆ. ಹಾರಿ ಇಳಿಯುವಾಗ ಮೈತೂಕದ ಹಲವು ಪಟ್ಟು ಭಾರ ಒಂದೇ ಕಾಲಿಗೆ. ಗಂಡಸರಿಗೆ ಇದರ ಜೊತೆ ಎತ್ತೋ ಕೆಲಸದಿಂದ ಬೆನ್ನು ಹೋಗುತ್ತೆ.

ಇಪ್ಪತ್ತಕ್ಕೆ ಆದ ಗಾಯ ವಾರದಲ್ಲಿ ಮಾಗುತ್ತೆ. ಅದೇ ಗಾಯ ನಲವತ್ತಕ್ಕೆ ತಿಂಗಳುಗಟ್ಟಲೆ ಕೂರಿಸುತ್ತೆ. ಅಷ್ಟು ದಿನ ಕೂತವರಿಗೆ ಮತ್ತೆ ಆ ಮಟ್ಟಕ್ಕೆ ಬರೋಕೆ ಇನ್ನಷ್ಟು ತಿಂಗಳು ಬೇಕು. ನೋವಿನ ಮಾತ್ರೆ ನುಂಗಿ ಕುಣೀತಾರೆ, ಯಾರಿಗೂ ಹೇಳಲ್ಲ. ಹೇಳಿದ್ರೆ ಪಾತ್ರ ಕೈ ತಪ್ಪುತ್ತೆ ಅಂತ ಭಯ. 42 ಅನ್ನೋದು ಸುಮ್ನೆ ಯಾರೋ ಬರೆದ ಸಂಖ್ಯೆ ಅಲ್ಲ.

ಧಾರವಾಡದಾಂವ:

ಹಂಗಾರ ಚಿಟ್ಟಾಣಿಯವರ ಕಾಲು ಏನ್ ಉಕ್ಕಿಂದೇನ್ರಿ ಡಾಕ್ಟರ?

ಫಿಸಿಯೋ_ಕುವೆಂಪುನಗರ:

ಎಂಬತ್ತರಲ್ಲಿ ಅವರು ಇಪ್ಪತ್ತೈದರ ಕುಣಿತವನ್ನೇ ಕುಣೀತಿದ್ರು ಅಂತ ಹೇಳ್ತೀರಾ? ಕುಣಿತ ಕಡಿಮೆಯಾದಷ್ಟೂ ಅಭಿನಯ, ಮಾತು, ನಿಲುವು ತುಂಬಿಕೊಳ್ತಿತ್ತು. ಆ ಪದ್ಧತಿಯಲ್ಲಿ ಅದಕ್ಕೆ ಜಾಗ ಇದೆ. ‘ಸ್ವಾನ್ ಲೇಕ್’ ಬ್ಯಾಲೆಯ ಮೂರನೇ ಅಂಕದ 32 ಫುಯೆಟೆ, ಅಂದ್ರೆ ಒಂದೇ ಕಾಲ ಬೆರಳ ಮೇಲೆ ಚಾಟಿ ಬೀಸಿದಂತೆ ಸುತ್ತೋದು, ಅದರಲ್ಲಿ ರಿಯಾಯಿತಿ ಇಲ್ಲ. ಇಪ್ಪತ್ತು ಸುತ್ತಿ ಉಳಿದಿದ್ದಕ್ಕೆ ಕಣ್ಣಲ್ಲಿ ಭಾವ ತೋರಿಸ್ತೀನಿ ಅಂದ್ರೆ ಅಲ್ಲಿ ನಡೆಯಲ್ಲ.

ಗೆಜ್ಜೆ_ಟೀಚರ್:

ಫಿಸಿಯೋ ಅವರ ಮಾತಿಗೆ ನನ್ನ ಬೆಂಬಲ. ನಾನು ಬೆಂಗಳೂರಲ್ಲಿ ಭರತನಾಟ್ಯ ಹೇಳಿಕೊಡ್ತೀನಿ. ನಮಗೂ ಅರೆಮಂಡಿಯಲ್ಲಿ ಮಂಡಿ ಸವೆಯುತ್ತೆ, ತಟ್ಟಿ ತಟ್ಟಿ ಹಿಮ್ಮಡಿ ಹೋಗುತ್ತೆ, ಇಲ್ಲ ಅನ್ನಲ್ಲ. ಆದರೆ ನಮಗೆ ಇನ್ನೊಂದು ಬಾಗಿಲು ತೆರೆದೇ ಇರುತ್ತೆ. ಮೈಸೂರು ಅರಮನೆಯ ಜಟ್ಟಿ ತಾಯಮ್ಮನವರ ಹೆಸರೇ ಅಭಿನಯಕ್ಕೆ. ಅವರ ಶಿಷ್ಯೆ ವೆಂಕಟಲಕ್ಷಮ್ಮನವರು 1906ರಲ್ಲಿ ಹುಟ್ಟಿ 2002ರವರೆಗೆ ಇದ್ದವರು. ವಯಸ್ಸಾದ ಮೇಲೂ ಕೂತಲ್ಲೇ ಒಂದು ಪದಕ್ಕೆ ಅಭಿನಯ ಹಿಡಿದರೆ ನೋಡೋರ ಕಣ್ಣು ಅಲ್ಲಾಡ್ತಿರಲಿಲ್ಲ ಅಂತ ನನ್ನ ಗುರುಗಳು ಹೇಳೋರು.

ಬ್ಯಾಲೆಯಲ್ಲಿ ಆ ಬಾಗಿಲು ಇಲ್ಲವೇ ಇಲ್ಲವಾ? ತಿಳಿದೋರು ಹೇಳಿ.

ಥೇಮ್ಸ್_ಕನ್ನಡತಿ:

ಖಂಡಿತ ಇದೆ, ಆದರೆ ಕಿರಿದು. ಲಂಡನ್ನಿನ ರಾಯಲ್ ಬ್ಯಾಲೆಯಲ್ಲಿ ‘ಪ್ರಿನ್ಸಿಪಲ್ ಕ್ಯಾರೆಕ್ಟರ್ ಆರ್ಟಿಸ್ಟ್’ ಅಂತಲೇ ಒಂದು ದರ್ಜೆ ಇದೆ. ಜೂಲಿಯೆಟ್‌ಳ ದಾದಿ, ಅವಳಪ್ಪ, ‘ಸ್ಲೀಪಿಂಗ್ ಬ್ಯೂಟಿ’ಯ ಕೆಟ್ಟ ಮಾಯಾವಿನಿ ಕಾರಬೋಸ್, ‘ಕೊಪ್ಪೇಲಿಯಾ’ದ ಮುದುಕ ಬೊಂಬೆಗಾರ, ಇಂಥವೆಲ್ಲ ವಯಸ್ಸಾದವರ ಪಾಲು. ಡೆನ್ಮಾರ್ಕಿನ ರಾಯಲ್ ಬ್ಯಾಲೆಯಲ್ಲಿ ಇದು ಇನ್ನೂ ಗಟ್ಟಿ ಸಂಪ್ರದಾಯ. ಅಲ್ಲಿ ಹಿರಿಯರು ಅಭಿನಯದ ಪಾತ್ರ ಹಿಡಿದು ತಂಡದಲ್ಲೇ ಉಳೀತಾರೆ.

ಆದರೆ ನಾನು ಹೇಳಬೇಕಾದ್ದು ಬೇರೆ. ವಯಸ್ಸಿನ ಮಿತಿ ಇಲ್ಲದ ಕಡೆ ಏನಾಗುತ್ತೆ ಅನ್ನೋದಕ್ಕೆ ಬ್ರಿಟನ್ನಿನ ಬ್ಯಾಲೆ ಕಲಾವಿದೆ ಮಾರ್ಗೊ ಫಾಂಟೇನ್ ಜೀವನ ನೋಡಿ. ಹುಟ್ಟಿದ್ದು 1919. ನಲವತ್ತು ದಾಟಿದಾಗ ಇನ್ನೇನು ನಿಲ್ಲಿಸ್ತಾರೆ ಅಂತಲೇ ಎಲ್ಲರೂ ಅಂದುಕೊಂಡಿದ್ರು. 1961ರಲ್ಲಿ ರುಡಾಲ್ಫ್ ನುರೆಯೆವ್ ಪ್ಯಾರಿಸಿನ ವಿಮಾನ ನಿಲ್ದಾಣದಲ್ಲಿ ಸೋವಿಯತ್ ತಂಡ ಬಿಟ್ಟು ಓಡಿಬಂದ. 1962ರ ಫೆಬ್ರವರಿಯಲ್ಲಿ ಇಬ್ಬರೂ ‘ಜಿಸೆಲ್’ ಬ್ಯಾಲೆ ಕುಣಿದ್ರು. ಆಕೆಗೆ 42, ಅವನಿಗೆ 23. ಪ್ಯಾರಿಸಿನಲ್ಲಿದ್ದಿದ್ರೆ ಮನೆಗೆ ಹೋಗಬೇಕಾದ ವಯಸ್ಸಿನಲ್ಲಿ ಆಕೆಯ ಅತಿ ದೊಡ್ಡ ಅಧ್ಯಾಯ ಶುರುವಾಯ್ತು. 1965ರಲ್ಲಿ ನಲವತ್ತೈದರ ಹೆಂಗಸು ಹದಿಹರೆಯದ ಜೂಲಿಯೆಟ್ ಆದಳು, ಜನ ಎದ್ದು ನಿಂತು ಚಪ್ಪಾಳೆ ನಿಲ್ಲಿಸಲೇ ಇಲ್ಲ.

ಇಷ್ಟೇ ಕೇಳಿದ್ರೆ ಧಾರವಾಡದವರ ಮಾತೇ ಸರಿ ಅನ್ನಿಸುತ್ತೆ. ಆದರೆ ಮುಂದೆ ಕೇಳಿ. 1964ರಲ್ಲಿ ಆಕೆಯ ಗಂಡ, ಪನಾಮಾದ ರಾಜಕಾರಣಿ ರೊಬೆರ್ಟೊ ಆರಿಯಾಸ್‌ಗೆ ಗುಂಡು ಬಿತ್ತು. ಕೈಕಾಲು ಸ್ವಾಧೀನ ತಪ್ಪಿತು. ಆಸ್ಪತ್ರೆ, ದಾದಿಯರ ಖರ್ಚಿಗೆ ದುಡ್ಡು ಬೇಕಿತ್ತು. ಅದಕ್ಕೇ ಆಕೆ ಅರವತ್ತರವರೆಗೆ ಕುಣಿದಳು. ಕೀಲು ನೋವು, ಪಾದದ ತೊಂದರೆ, ಆದರೂ ಊರೂರು ಸುತ್ತಿದಳು. ಕೊನೆಗೆ ಪನಾಮಾದಲ್ಲಿ ದನ ಸಾಕಿಕೊಂಡಿದ್ದಳು. ಕ್ಯಾನ್ಸರ್ ಬಂದಾಗ ಪಿಂಚಣಿ ಇರಲಿಲ್ಲ. 1990ರಲ್ಲಿ ಆಕೆಗೋಸ್ಕರ ಕಾವೆಂಟ್ ಗಾರ್ಡನ್‌ನಲ್ಲಿ ಸಹಾಯಾರ್ಥ ಪ್ರದರ್ಶನ ಇಡಬೇಕಾಯ್ತು. ಮರುವರ್ಷ ತೀರಿಕೊಂಡಳು. ಇಡೀ ಬ್ರಿಟನ್ ಹೆಮ್ಮೆಯಿಂದ ಹೇಳಿಕೊಳ್ಳೋ ಕಲಾವಿದೆಯ ಕಥೆ ಇದು. ಹಿಂದಿನ ಸಾಲಿನವರ ಗತಿ ಏನಾಗಿರಬಹುದು ಯೋಚನೆ ಮಾಡಿ.

ಸೆನ್_ದಂಡೆ:

ಅಯ್ಯೋ, ಫಾಂಟೇನ್ ಬಗ್ಗೆ ಇದು ಗೊತ್ತೇ ಇರಲಿಲ್ಲ. ಓದಿ ಸುಮ್ಮನೆ ಕೂತುಬಿಟ್ಟೆ.

ಲೆಕ್ಕಪತ್ರ:

ನಾನೊಬ್ಬ ಲೆಕ್ಕಪರಿಶೋಧಕ. ಯಾರೂ ಕೇಳದ ಪ್ರಶ್ನೆ ಕೇಳ್ತೀನಿ. 42ಕ್ಕೆ ಪಿಂಚಣಿ ಶುರುವಾದರೆ ಎಂಬತ್ತೈದರವರೆಗೆ ಬದುಕೋ ಮನುಷ್ಯನಿಗೆ ನಲವತ್ತಕ್ಕೂ ಹೆಚ್ಚು ವರ್ಷ ಕೊಡಬೇಕು. ದುಡಿದದ್ದು ಇಪ್ಪತ್ತನಾಲ್ಕು ವರ್ಷ. ಈ ದುಡ್ಡು ಬರೋದು ಎಲ್ಲಿಂದ? ಪ್ಯಾರಿಸಿನ ಹೊರವಲಯದಲ್ಲಿ ಬೆಳಗ್ಗೆ ಐದಕ್ಕೆ ಎದ್ದು ಕಸ ಗುಡಿಸೋ ಹೆಣ್ಣುಮಗಳ ತೆರಿಗೆಯಿಂದ. ಅವಳ ಬೆನ್ನೂ ಹೋಗಿರುತ್ತೆ, ಅವಳಿಗೆ ಅರವತ್ತು ದಾಟಿದ ಮೇಲೇ ನಿವೃತ್ತಿ.

ಕವರ್_ಡ್ರೈವ್:

ಕ್ರಿಕೆಟ್ಟಲ್ಲೂ ಇದೇ ತಾನೆ? ಕುಂಬ್ಳೆ 38ಕ್ಕೆ, ದ್ರಾವಿಡ್ 39ಕ್ಕೆ ಬಿಟ್ರು. ಯಾರೂ ಅನ್ಯಾಯ ಅನ್ನಲಿಲ್ಲ. ದೇಹದಿಂದ ದುಡಿಯೋರಿಗೆ ದೇಹವೇ ತಾರೀಕು ಹೇಳುತ್ತೆ.

ಫಿಸಿಯೋ_ಕುವೆಂಪುನಗರ:

ದ್ರಾವಿಡ್ ಬಿಟ್ಟಾಗ ಅವರ ಹತ್ರ ಮುಂದಿನ ಮೂರು ತಲೆಮಾರಿಗೆ ಆಗೋಷ್ಟಿತ್ತು. ಹೋಲಿಸೋದಾದ್ರೆ ಎರಡು ರಣಜಿ ಪಂದ್ಯ ಆಡಿ ಮಂಡಿ ಕಳ್ಕೊಂಡ ಹುಡುಗನ ಜೊತೆ ಹೋಲಿಸಿ.

ಸೆನ್_ದಂಡೆ:

ಲೆಕ್ಕಪತ್ರ ಅವರೇ, ನೀವು ಕೇಳಿದ ಪ್ರಶ್ನೆ ಇಲ್ಲಿ 2019ರಲ್ಲಿ ಬೀದಿಗೇ ಬಂದಿತ್ತು. ಆ ವರ್ಷ ಸರ್ಕಾರ ಬೇರೆ ಬೇರೆ ವೃತ್ತಿಗಳಿಗಿದ್ದ ಒಟ್ಟು 42 ವಿಶೇಷ ಪಿಂಚಣಿ ಪದ್ಧತಿಗಳನ್ನ ತೆಗೆದು ಎಲ್ಲರಿಗೂ ಒಂದೇ ಪದ್ಧತಿ ತರೋಕೆ ಹೊರಟಿತ್ತು. ಒಪೆರಾದ್ದು ಅದರಲ್ಲೊಂದು. 1698ರಲ್ಲಿ ಹದಿನಾಲ್ಕನೇ ಲೂಯಿ ಕಾಲದಲ್ಲಿ ಶುರುವಾದದ್ದು. ಡಿಸೆಂಬರ್ 24ರ ದಿನ ನಾವು ಪೇಟೆಗೆ ಹೋಗಿದ್ವಿ. ಬಸ್ಸಿಲ್ಲ, ಮೆಟ್ರೋ ಇಲ್ಲ, ಎಲ್ಲಾ ಮುಷ್ಕರ. ಗಾರ್ನಿಯೆ ಒಪೆರಾ ಮುಂದೆ ಜನ ಸೇರಿದ್ರು. ನೋಡಿದ್ರೆ ಕಟ್ಟಡದ ಎದುರೇ ನೆಲಹಾಸು ಹಾಸಿ, ಹುಡುಗೀರು ಬಿಳೀ ಟುಟು (ಬ್ಯಾಲೆ ಲಂಗ) ಹಾಕ್ಕೊಂಡು ಆ ಚಳೀಲಿ ‘ಸ್ವಾನ್ ಲೇಕ್’ ಕುಣೀತಿದ್ರು. ಪಕ್ಕದಲ್ಲಿ ಒಪೆರಾದ ವಾದ್ಯದವರು ನುಡಿಸ್ತಿದ್ರು. ತೋಳೆಲ್ಲ ಕೆಂಪಗಾಗಿತ್ತು ಪಾಪ. ಆದ್ರೂ ಸಾಲು ಒಂದಿಂಚು ಆಚೀಚೆ ಆಗಲಿಲ್ಲ.

ಸರ್ಕಾರ ಒಂದು ರಾಜಿ ಸೂತ್ರ ಇಟ್ಟಿತ್ತು. ಈಗಿರೋರಿಗೆ ಏನೂ ಆಗಲ್ಲ, 2022ರ ಜನವರಿ 1ರಿಂದ ಸೇರೋರಿಗೆ ಮಾತ್ರ ಹೊಸ ನಿಯಮ ಅಂತ. ಕಲಾವಿದರು ಒಪ್ಪಲಿಲ್ಲ. ನಾವು ಉಳ್ಕೊಂಡು ಮುಂದಿನ ಮಕ್ಕಳನ್ನ ಬಲಿ ಕೊಡೋ ಪೈಕಿ ನಾವಲ್ಲ ಅಂದ್ರು. ಆಮೇಲೆ ಕೊರೋನಾ ಬಂತು, ಆ ಯೋಜನೆ ಅಲ್ಲಿಗೇ ನಿಂತಿತು. 2023ರಲ್ಲಿ ಎಲ್ಲರ ನಿವೃತ್ತಿ ವಯಸ್ಸನ್ನ 64ಕ್ಕೆ ಏರಿಸಿದಾಗ ಮೆಟ್ರೋದವರ, ಕರೆಂಟಿನವರ ವಿಶೇಷ ಪದ್ಧತಿಗಳನ್ನ ಹೊಸದಾಗಿ ಸೇರೋರಿಗೆ ತೆಗೆದ್ರು, ಒಪೆರಾದ್ದು ಉಳೀತು.

ಇನ್ನು ಮೊತ್ತದ ಮಾತು. ಹಿಂದಿನ ಸಾಲಿನವರಿಗೆ ಬರೋದು ಪ್ಯಾರಿಸಲ್ಲಿ ಬಾಡಿಗೆ ಕಟ್ಟೋಕೂ ಸಾಲದು ಅಂತ ಮಗಳ ಟೀಚರ್ ಹೇಳಿದ್ರು. ಅವರೂ ಸೇರಿ ಹೆಚ್ಚಿನವರು ಮತ್ತೆ ಕೆಲಸ ಮಾಡ್ತಾರೆ.

ಧಾರವಾಡದಾಂವ:

ಮುಂದಿನ ಮಕ್ಕಳ ಸಲುವಾಗಿ ತಮ್ಮ ರಾಜಿ ಬಿಟ್ರು ಅಂದ್ರಲ್ಲ, ಅದು ದೊಡ್ಡ ಮಾತು. ಆದರ ಒಂದು ಕೇಳ್ತೀನಿ. ಪಿಂಚಣಿ ಕೊಡ್ಲಿ, ಬ್ಯಾಡಂದವರ್ಯಾರು? ಹೋಗಂತ ಯಾಕ ಅನಬೇಕು? 42ಕ್ಕ ಪಿಂಚಣಿ ತಗೊಳ್ಳೋ ಹಕ್ಕು ಇರ್ಲಿ, ಕುಣಿಯೂ ಹಕ್ಕೂ ಇರ್ಲಿ.

ಥೇಮ್ಸ್_ಕನ್ನಡತಿ:

ತಂಡದಲ್ಲಿರೋ ಜಾಗ ಗಟ್ಟಿ ಲೆಕ್ಕದ್ದು. ಒಬ್ಬರು ಹೋಗದೆ ಇನ್ನೊಬ್ಬರು ಬರೋಕಾಗಲ್ಲ. ನಾಂತೇರ್ ಶಾಲೆಯಲ್ಲಿ ಎಂಟು ವರ್ಷ ಬೆವರು ಹರಿಸಿದ ಹದಿನೇಳರ ಹುಡುಗಿ ಕಾಯ್ತಾ ನಿಂತಿರ್ತಾಳೆ. ಅವಳಿಗೆ ಐದು ವರ್ಷ ಕಾಯಿ ಅಂದ್ರೆ ಅವಳ ವೃತ್ತಿಯ ಐದರಲ್ಲೊಂದು ಭಾಗ ಹೋದಂತೆ.

ಇನ್ನೊಂದು ವಿಷಯ. 42ಕ್ಕೆ ಬಿಡೋದು ಒಪೆರಾವನ್ನ, ಕುಣಿಯೋದನ್ನಲ್ಲ. ಹೊರಗೆ ಎಲ್ಲಿ ಬೇಕಾದರೂ ಕುಣೀಬಹುದು. ಸಿಲ್ವಿ ಗಿಲೆಮ್ 19ಕ್ಕೇ ಪ್ಯಾರಿಸಿನ ಎತ್ವಾಲ್ ಆದವಳು. 1989ರಲ್ಲೇ ಅಲ್ಲಿಂದ ಹೊರಟು ಲಂಡನ್ನಿಗೆ ಬಂದಳು. ಐವತ್ತರವರೆಗೆ ಕುಣಿದು, 2015ರ ಕೊನೆಗೆ ಜಪಾನಿನಲ್ಲಿ ‘ಬೊಲೆರೊ’ ಅನ್ನೋ ನೃತ್ಯ ಮಾಡಿ ತಾನೇ ನಿಲ್ಲಿಸಿದಳು. ಇಟಲಿಯ ಅಲೆಸ್ಸಾಂಡ್ರಾ ಫೆರ್ರಿ 2007ರಲ್ಲಿ 44ಕ್ಕೆ ವಿದಾಯ ಹೇಳಿ, ಕೆಲವು ವರ್ಷ ಬಿಟ್ಟು ಮರಳಿ ಬಂದಳು. 2015ರಲ್ಲಿ ರಾಯಲ್ ಬ್ಯಾಲೆ ಆಕೆಗೋಸ್ಕರ ಇಂಗ್ಲಿಷ್ ಲೇಖಕಿ ವರ್ಜೀನಿಯಾ ವುಲ್ಫ್ ಪಾತ್ರವನ್ನೇ ಹೊಸದಾಗಿ ಕಟ್ಟಿತು. ನಾನು ಆ ಪ್ರದರ್ಶನ ನೋಡಿದೀನಿ. ಐವತ್ತೆರಡರ ಹೆಂಗಸು ಸುಮ್ಮನೆ ನಡೆದು ಬಂದು ನಿಂತರೂ ಸುತ್ತ ಇರೋ ಇಪ್ಪತ್ತರ ಹುಡುಗರ ಕಡೆ ಕಣ್ಣು ಹೋಗ್ತಿರಲಿಲ್ಲ. ಅವಳಿಗೆ ಅವಳ ವಯಸ್ಸಿನ ಪಾತ್ರ ಕೊಟ್ಟರು, ಅದೇ ಗುಟ್ಟು.

ಗೆಜ್ಜೆ_ಟೀಚರ್:

ಇದೇ ನಾನು ಕೇಳಬೇಕಿದ್ದ ಬಾಗಿಲು! ಇಂಥ ಪಾತ್ರ ಕಟ್ಟೋರು ಹೆಚ್ಚಾದ್ರೆ ಅರ್ಧ ಸಮಸ್ಯೆ ಬಗೆಹರಿಯುತ್ತೆ.

ಸ್ಟುಟ್‌ಗಾರ್ಟ್_ಕನ್ನಡಿಗ:

ನೆದರ್‌ಲ್ಯಾಂಡ್ಸ್‌ನಲ್ಲಿ ಆ ಪ್ರಯತ್ನ ಆಗಿದೆ. ನೆದರ್‌ಲ್ಯಾಂಡ್ಸ್ ಡಾನ್ಸ್ ಥಿಯೇಟರ್‌ನ ನೃತ್ಯ ಸಂಯೋಜಕ ಯಿರಿ ಕಿಲಿಯಾನ್ 1991ರಲ್ಲಿ ನಲವತ್ತು ದಾಟಿದವರದ್ದೇ ಮೂರನೇ ತಂಡ ಕಟ್ಟಿದ್ರು. ಹಾರಾಟ ಕಡಿಮೆ, ಅನುಭವ ಹೆಚ್ಚು. 2006ರಲ್ಲಿ ಹಣದ ಕೊರತೆಯಿಂದ ಮುಚ್ಚಿದ್ರು. ಜನ ಮೆಚ್ಚಿದ್ದಕ್ಕೂ ಅನುದಾನ ನಿಲ್ಲೋದಕ್ಕೂ ಸಂಬಂಧ ಇಲ್ಲ ನೋಡಿ.

ನಮ್ಮ ಜರ್ಮನಿಯ ಕಥೆ ಬೇರೆ. ಇಲ್ಲಿ ರಂಗಮಂದಿರಗಳಲ್ಲಿ ಕರಾರು ವರ್ಷ ವರ್ಷ ನವೀಕರಣ. ಒಂದೇ ಕಡೆ 15 ವರ್ಷ ಆದ್ರೆ ಅವರನ್ನ ತೆಗೆಯೋದು ಕಷ್ಟ ಅಂತ ಒಪ್ಪಂದದಲ್ಲಿದೆ. ರಕ್ಷಣೆಗೆ ಅಂತ ಮಾಡಿದ ನಿಯಮ. ಪರಿಣಾಮ ಏನು? 15 ತುಂಬೋ ಹೊತ್ತಿಗೆ ಸರಿಯಾಗಿ ಕೆಲವರಿಗೆ ಪತ್ರ ಬರುತ್ತೆ, ಮುಂದಿನ ಋತುವಿಗೆ ನೀವು ಬೇಡ ಅಂತ. ಮೂವತ್ತಮೂರು-ಮೂವತ್ತನಾಲ್ಕಕ್ಕೆ, ಪಿಂಚಣಿ ಇಲ್ಲದೆ, ಬೇರೆ ವಿದ್ಯೆ ಇಲ್ಲದೆ ಹೊರಗೆ. ನನಗಂತೂ ಪ್ಯಾರಿಸಿನ 42 ಇದಕ್ಕಿಂತ ಸಾವಿರ ಪಾಲು ಮೇಲು. ಹದಿನೆಂಟಕ್ಕೆ ಸೇರಿದವಳಿಗೆ ಕೊನೆಯ ದಿನ ಯಾವತ್ತು ಅಂತ ಮೊದಲೇ ಗೊತ್ತು, ಅಲ್ಲೀತನಕ ಯಾರೂ ಅಲುಗಾಡಿಸೋಕಾಗಲ್ಲ.

ಟೊರೊಂಟೊ_ರಾಯರು:

ಅಮೆರಿಕಾ, ಕೆನಡಾ ಕಡೆ ಹೇಳ್ತೀನಿ. ಇಲ್ಲಿ ವಯಸ್ಸಿನ ಮಿತಿ ಅಂತ ಬರಹದಲ್ಲಿ ಇಲ್ಲ. ನ್ಯೂಯಾರ್ಕ್ ಸಿಟಿ ಬ್ಯಾಲೆಯ ವೆಂಡಿ ವೀಲನ್ 47ರವರೆಗೆ ಕುಣಿದು 2014ರಲ್ಲಿ ಬಿಟ್ಟರು, ಅದೂ ಸೊಂಟದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು. ನಮ್ಮ ಕೆನಡಾದ ನ್ಯಾಷನಲ್ ಬ್ಯಾಲೆಯ ಕಾರೆನ್ ಕೇನ್ ನಲವತ್ತೈದು ದಾಟಿ 1997ರಲ್ಲಿ ವಿದಾಯ ಹೇಳಿ, ಆಮೇಲೆ ಅದೇ ತಂಡವನ್ನ 2005ರಿಂದ 2021ರವರೆಗೆ ಮುನ್ನಡೆಸಿದರು. ಇವೆಲ್ಲ ಶಿಖರದ ಮೇಲಿನವರ ಕಥೆ.

ತಳದಲ್ಲಿರೋರದ್ದು ಕೇಳಿ. ನಮ್ಮ ಪರಿಚಯದವರ ಮಗಳು ಅಮೆರಿಕಾದ ಒಂದು ಸಣ್ಣ ತಂಡದಲ್ಲಿದ್ದಳು. ವರ್ಷದ ಕೆಲವು ವಾರಗಳಿಗೆ ಮಾತ್ರ ಸಂಬಳ, ಬೇಸಿಗೆಯಲ್ಲಿ ಕಾಫಿ ಅಂಗಡಿ ಕೆಲಸ. ಇಪ್ಪತ್ತೇಳಕ್ಕೆ ಮಂಡಿ ಆಪರೇಷನ್ ಆಯ್ತು. ಹೊಲಿಗೆ ಬಿಚ್ಚೋ ಮುಂಚೆ ಕರಾರು ನವೀಕರಣ ಆಗಲ್ಲ ಅಂತ ಮಿಂಚಂಚೆ ಬಂತು. ಹದಿನೈದರಿಂದ ಬೇರೇನೂ ಓದಿರಲಿಲ್ಲ ಆ ಮಗು. ಅವರಮ್ಮ ನಮ್ಮ ಮನೇಲಿ ಕೂತು ಅತ್ತಿದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ಅವಳಿಗೆ 42ರವರೆಗೆ ಕೆಲಸ ಗ್ಯಾರಂಟಿ ಅಂದಿದ್ರೆ ಕೈಮುಗೀತಿದ್ಲು.

ಇಲ್ಲಿ ಒಂದು ಒಳ್ಳೇದಿದೆ. ಟೊರೊಂಟೊದಲ್ಲಿ 1985ರಿಂದ ನೃತ್ಯದವರಿಗೆ ಮುಂದಿನ ವೃತ್ತಿಗೆ ದಾರಿ ತೋರಿಸೋಕೆ ಅಂತಲೇ ಒಂದು ಸಂಸ್ಥೆ ಇದೆ. ಸಲಹೆ, ಓದಿಗೆ ಹಣ ಎಲ್ಲ ಕೊಡುತ್ತೆ. ಕಟ್ಟಿದ್ದು ಜೊಯ್ಸಾನ್ ಸಿಡಿಮಸ್, ತಾವೂ ಬ್ಯಾಲೆ ಕಲಾವಿದೆಯೇ ಆಗಿದ್ದವರು.

ಸ್ಟುಟ್‌ಗಾರ್ಟ್_ಕನ್ನಡಿಗ:

ಡಚ್ಚರದ್ದೂ ಅಂಥದ್ದೇ, 1986ರಿಂದ. ಕುಣಿಯೋ ದಿನಗಳಲ್ಲೇ ಸಂಬಳದ ಒಂದು ಸಣ್ಣ ಪಾಲು ಕಲಾವಿದರದ್ದು, ಒಂದು ಪಾಲು ತಂಡದ್ದು ನಿಧಿಗೆ ಹೋಗುತ್ತೆ. ಬಿಟ್ಟಾಗ ಓದಿನ ಶುಲ್ಕ, ಓದೋವಾಗ ಮನೆ ಖರ್ಚು ಅದರಿಂದ. ಲೆಕ್ಕಪತ್ರ ಅವರಿಗೆ ಇದು ಹಿಡಿಸುತ್ತೆ ಅಂದ್ಕೋತೀನಿ.

ಲೆಕ್ಕಪತ್ರ:

ಹಿಡಿಸಿತು. ಆಜೀವ ಪಿಂಚಣಿಗಿಂತ ಇದು ನ್ಯಾಯ. ನಾಲ್ಕು ವರ್ಷದ ಓದಿಗೆ ಕೊಡಿ, ಇನ್ನೊಂದು ವೃತ್ತಿ ಹಿಡಿಯಲಿ. ಮೂವತ್ತೈದಕ್ಕೆ ಹೊರಬಂದವರಿಗೆ ಇನ್ನೂ ಮೂವತ್ತು ವರ್ಷ ದುಡಿಯೋ ಶಕ್ತಿ ಇದೆ.

ಗೆಜ್ಜೆ_ಟೀಚರ್:

ಓದಿಗೆ ದುಡ್ಡು ಕೊಟ್ಟರೆ ಎಲ್ಲಾ ಸರಿಹೋಗುತ್ತೆ ಅನ್ನೋದನ್ನ ನಾನೊಪ್ಪಲ್ಲ ಸರ್. ಎಂಟನೇ ವಯಸ್ಸಿನಿಂದ ಒಂದೇ ಕನ್ನಡಿ ಮುಂದೆ ಬೆಳೆದವರಿಗೆ ತಾನು ಯಾರು ಅಂತ ಹೇಳೋದು ಆ ಕನ್ನಡಿಯೇ. ಅದನ್ನ ಕಿತ್ತುಕೊಂಡ ಮೇಲೆ ಅಕೌಂಟೆನ್ಸಿ ಓದು ಅಂದ್ರೆ ಓದ್ತಾರೆ, ಆದರೆ ಆ ನೋವು ನಿಮ್ಮ ಲೆಕ್ಕದ ಪುಸ್ತಕದಲ್ಲಿ ಎಲ್ಲಿ ಬರೀತೀರಿ?

ಧಾರವಾಡದಾಂವ:

ಭೇಷ್ ಟೀಚರ!

ಹಳೇ_ಬಸವನಗುಡಿ:

ವಿಷಯಾಂತರ ಆಗಬಹುದು, ಆದರೂ ಹೇಳಬೇಕು. ನಮ್ಮ ಬೆಂಗಳೂರಲ್ಲೇ ಹುಟ್ಟಿದ ನೃತ್ಯ ಕಲಾವಿದ ರಾಮ್ ಗೋಪಾಲ್ ನೆನಪಿದ್ದಾರಾ? 1939ರಲ್ಲೇ ಲಂಡನ್ನಿನಲ್ಲಿ ಕುಣಿದವರು. 1960ರಲ್ಲಿ ಅವರು ಬ್ರಿಟಿಷ್ ಬ್ಯಾಲೆಯ ಅಲಿಸಿಯಾ ಮಾರ್ಕೊವಾ ಜೊತೆ ರಾಧಾಕೃಷ್ಣರ ನೃತ್ಯ ಮಾಡಿದರು. ಅಷ್ಟೊತ್ತಿಗೆ ಇಬ್ಬರಿಗೂ ನಲವತ್ತೈದು ದಾಟಿತ್ತು. ಅವರ ಹೆಸರಿನ ಒಂದು ರಸ್ತೆಯನ್ನೂ ನಾನು ನಮ್ಮೂರಲ್ಲಿ ಕಂಡಿಲ್ಲ. ಇನ್ನು ರಷ್ಯಾದ ಬ್ಯಾಲೆ ಕಲಾವಿದೆ ಅನ್ನಾ ಪಾವ್ಲೋವಾ, ನಮ್ಮ ದೇಶದ ನೃತ್ಯ ಕಲಾವಿದ ಉದಯ ಶಂಕರ್ ಅವರನ್ನ 1923ರಲ್ಲಿ ತನ್ನ ಜೊತೆ ಕುಣಿಸಿದಾಕೆ, 1931ರಲ್ಲಿ ಪ್ರವಾಸದ ನಡುವೆಯೇ ತೀರಿಕೊಂಡಾಗ ಐವತ್ತಕ್ಕೆ ಕೆಲವೇ ದಿನ ಬಾಕಿ. ನಿವೃತ್ತಿ ಅನ್ನೋ ಮಾತೇ ಆಕೆಯ ಬಾಯಲ್ಲಿ ಬಂದಿರಲಿಕ್ಕಿಲ್ಲ.

ಕಡಲ_ತಡಿ:

ರಾಮ್ ಗೋಪಾಲ್ ಬಗ್ಗೆ ಇನ್ನೂ ಬರೀರಿ ಸ್ವಾಮಿ, ಇಲ್ಲಿ ಯಾರಿಗೂ ಗೊತ್ತಿಲ್ಲ.

ಥೇಮ್ಸ್_ಕನ್ನಡತಿ:

ಹೆಚ್ಚು ವಯಸ್ಸಿನವರೆಗೆ ಕುಣಿದವರ ಪಟ್ಟಿ ಉದ್ದ ಇದೆ. ಮಾಸ್ಕೋದ ಬೊಲ್ಶೊಯ್ ಬ್ಯಾಲೆ ತಂಡದ ಮಾಯಾ ಪ್ಲಿಸೆಟ್ಸ್‌ಕಾಯಾ ಅರವತ್ತೈದರವರೆಗೆ ಆ ತಂಡದಲ್ಲಿದ್ದಳು, ಎಪ್ಪತ್ತನೇ ಹುಟ್ಟುಹಬ್ಬಕ್ಕೂ ವೇದಿಕೆ ಏರಿದಳು. ಕ್ಯೂಬಾದ ಅಲಿಸಿಯಾ ಅಲೊನ್ಸೊಗೆ ಎಳೆ ಪ್ರಾಯದಿಂದಲೇ ಕಣ್ಣು ಮಂಜು. ವೇದಿಕೆಯ ದೀಪಗಳ ಬಣ್ಣ ನೋಡಿ ಜಾಗ ಗುರುತು ಹಿಡಿದು, ಎಪ್ಪತ್ತು ದಾಟಿದ ಮೇಲೂ ಕುಣಿದಳು.

ಆದರೆ ನುರೆಯೆವ್ ಕೊನೆಯ ದಿನಗಳನ್ನೂ ನೆನೆಸಿಕೊಳ್ಳಿ. 1991ರ ಬ್ರಿಟನ್ ಪ್ರವಾಸ, 53 ವರ್ಷ, ಒಳಗೆ ಏಡ್ಸ್ ತಿನ್ನುತ್ತಿತ್ತು. ಜನಕ್ಕೆ ಅದು ಗೊತ್ತಿಲ್ಲ. ದುಡ್ಡು ವಾಪಸ್ ಕೊಡಿ ಅಂತ ಕೂಗಿದರು. ನನ್ನ ಸಹೋದ್ಯೋಗಿಯ ತಂದೆ ಆಗ ಸಭೆಯಲ್ಲಿದ್ದರಂತೆ, ಇವತ್ತಿಗೂ ಆ ಮಾತು ಎತ್ತಿದ್ರೆ ಮುಖ ಕೆಳಗೆ ಹಾಕ್ತಾರೆ. ಅದೇ ನುರೆಯೆವ್ 1983ರಿಂದ 89ರವರೆಗೆ ಪ್ಯಾರಿಸ್ ಬ್ಯಾಲೆಯ ನಿರ್ದೇಶಕ. ಎಳೆಯರನ್ನ ಎತ್ತಿ ಮುಂದೆ ನಿಲ್ಲಿಸಿದವನು. ತನ್ನ ವಿಷಯದಲ್ಲಿ ಮಾತ್ರ ಬಿಡೋಕಾಗಲಿಲ್ಲ. ಅವನಿಗೆ ಕುಣಿತ ಬಿಟ್ಟರೆ ಉಸಿರಿಲ್ಲ. ಅವನನ್ನ ತಪ್ಪು ಅನ್ನೋಕೆ ನನ್ನ ಮನಸ್ಸು ಒಪ್ಪಲ್ಲ.

ಧಾರವಾಡದಾಂವ:

ತಪ್ಪು ಅವನದಲ್ಲ ಬಿಡ್ರಿ, ಕೂಗಿದವರದು.

ಸೆನ್_ದಂಡೆ:

ಇಷ್ಟೆಲ್ಲ ಓದಿ ಮತ್ತೆ ಮಗಳ ಟೀಚರ್ ಹತ್ರ ಮಾತಾಡಿದೆ. ವಿದಾಯದ ದಿನ ಹೇಗಿತ್ತು ಅಂತ ಕೇಳಿದೆ. ಎತ್ವಾಲ್‌ಗಳ ವಿದಾಯಕ್ಕೆ ಮೇಲಿಂದ ಚಿನ್ನದ ಬಣ್ಣದ ಚೂರುಗಳು ಸುರೀತಾವೆ, ಜನ ಬಹಳ ಹೊತ್ತು ಚಪ್ಪಾಳೆ ತಟ್ತಾರೆ. ಇವರ ವಿದಾಯ ಪರದೆ ಬಿದ್ದ ಮೇಲೆ ಒಳಗಡೆ ನಡೀತಂತೆ. ಜೊತೆಯವರು ಸುತ್ತ ನಿಂತು ಚಪ್ಪಾಳೆ ತಟ್ಟಿ ಹೂವು ಕೊಟ್ಟರು, ಅಷ್ಟೇ. "ಪ್ರೇಕ್ಷಕರಿಗೆ ನಾನು ಹೋಗಿದ್ದೇ ಗೊತ್ತಾಗ್ಲಿಲ್ಲ" ಅಂದ್ರು. ಆದರೆ ಕೋಪ ಇರಲಿಲ್ಲ ಅವರಲ್ಲಿ. "ಮೂವತ್ತೆಂಟಕ್ಕೆ ನನ್ನ ಬಲಗಾಲು ಹಿಮ್ಮಡಿ ಕೈಕೊಟ್ಟಿತ್ತು. ಬೇರೆ ಊರಾಗಿದ್ರೆ ಅವತ್ತೇ ಕಳಿಸಿರೋರು. ಇಲ್ಲಿ ಚಿಕಿತ್ಸೆ ಕೊಡಿಸಿ ಕಾದರು. ಆ ನಾಲ್ಕು ವರ್ಷ ನನಗೆ ಸಿಕ್ಕಿದ್ದು ಈ ನಿಯಮದಿಂದ" ಅಂದ್ರು.

ಹಾಗಾಗಿ ನನ್ನ ಮನಸ್ಸಿಗೆ ಬಂದಿದ್ದು ಇಷ್ಟು. 42 ಅನ್ನೋ ಗೆರೆಗಿಂತ ದೊಡ್ಡ ಕ್ರೌರ್ಯ ಗೆರೆಯೇ ಇಲ್ಲದ ಕಡೆ ನಡೀತಿದೆ. ಅಲ್ಲಿ ಮೂವತ್ತಕ್ಕೂ ಕಳಿಸ್ತಾರೆ, ಇಪ್ಪತ್ತೇಳಕ್ಕೂ ಕಳಿಸ್ತಾರೆ, ಯಾರೂ ಬೀದಿಗಿಳಿಯಲ್ಲ. ಮಗಳು ಕುಣೀಲಿ. ಆದ್ರೆ ಶಾಲೆ ಓದು ಬಿಡಿಸಲ್ಲ.

ಟೊರೊಂಟೊ_ರಾಯರು:

ಓದು ಬಿಡಿಸದ ತೀರ್ಮಾನಕ್ಕೆ ನೂರಕ್ಕೆ ನೂರು. ಕ್ಯಾಲಿಫೋರ್ನಿಯಾದ ಸೇಂಟ್ ಮೇರೀಸ್ ಕಾಲೇಜು ವೃತ್ತಿಪರ ನೃತ್ಯದವರಿಗೆ ಅಂತಲೇ ‘ಲೀಪ್’ ಅನ್ನೋ ಪದವಿ ನಡೆಸುತ್ತೆ, ತಾಲೀಮಿನ ಮಧ್ಯೆಯೂ ಓದೋ ಹಾಗೆ. ನಮ್ಮ ಪರಿಚಯದ ಹುಡುಗಿಗೆ ಅದು ಮೊದಲೇ ಗೊತ್ತಿದ್ದರೆ ಅಂತ ಅನ್ನಿಸುತ್ತೆ.

ಲೆಕ್ಕಪತ್ರ:

ಸೆನ್_ದಂಡೆ ಅವರ ಮಗಳ ಟೀಚರ್ ಮಾತು ಓದಿದೆ. ಚಿಕಿತ್ಸೆ ಕೊಡಿಸಿ ಕಾಯೋದು ಸಂಸ್ಥೆಯ ಕರ್ತವ್ಯ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಬೆಳಗ್ಗೆ ಕಸ ಗುಡಿಸೋಳ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.

ಫಿಸಿಯೋ_ಕುವೆಂಪುನಗರ:

ಉತ್ತರ ಇಷ್ಟೇ. ಅವಳಿಗೂ ಬೇಗ ನಿವೃತ್ತಿ ಕೊಡಿ. ಅವಳ ಬೆನ್ನನ್ನೂ ನಾನು ದಿನಾ ನೋಡ್ತೀನಿ. ಒಬ್ಬರಿಗೆ ಸಿಕ್ಕಿದ್ದನ್ನ ಕಿತ್ತುಕೊಂಡರೆ ಇನ್ನೊಬ್ಬರ ಬೆನ್ನು ನೆಟ್ಟಗಾಗಲ್ಲ.

ಕಡಲ_ತಡಿ:

ಆ ಲೆಕ್ಕದಲ್ಲಿ ನಮ್ಮ ಯಕ್ಷಗಾನ ಮೇಳದ ಕಲಾವಿದರ ಮಾತೂ ಆಗಬೇಕು. ನವೆಂಬರಿನಿಂದ ಮೇ ಕೊನೆಯ ಪತ್ತನಾಜೆಯವರೆಗೆ ರಾತ್ರಿಯಿಡೀ ಕುಣಿತ, ಮಳೆಗಾಲದಲ್ಲಿ ಸಂಬಳ ಇಲ್ಲ. ಚಿಟ್ಟಾಣಿಯವರು ಎಂಬತ್ತಕ್ಕೂ ಕುಣಿದರು ಅಂತ ನಾನೇ ಮೇಲೆ ಬರೆದೆ. ಅವರದ್ದು ಪ್ರೀತಿ. ಆದರೆ ನಮ್ಮೂರಲ್ಲಿ ಅರವತ್ತಾದ ಒಬ್ಬ ಸ್ತ್ರೀವೇಷಧಾರಿ ಇದ್ದಾರೆ, ಮಂಡಿಗೆ ಪಟ್ಟಿ ಬಿಗಿದು ಒಡ್ಡೋಲಗಕ್ಕೆ (ಪಾತ್ರದ ಪ್ರವೇಶದ ಕುಣಿತಕ್ಕೆ) ಇಳೀತಾರೆ. ಪ್ರೀತಿಗಲ್ಲ, ಅಕ್ಕಿಗೆ.

ಮಾಡರೇಟರ್:

ಚರ್ಚೆ ಚೆನ್ನಾಗಿ ನಡೀತಿದೆ. ಮೇಳದ ಕಲಾವಿದರ ವೇತನ, ಪಿಂಚಣಿ ವಿಷಯಕ್ಕೆ ಬೇರೆ ಎಳೆ ತೆರೆದಿದ್ದೇನೆ, ದಯವಿಟ್ಟು ಅಲ್ಲಿ ಮುಂದುವರಿಸಿ. ರಾಮ್ ಗೋಪಾಲ್ ಬಗ್ಗೆ ಹಳೇ_ಬಸವನಗುಡಿ ಅವರು ಒಂದು ಪ್ರತ್ಯೇಕ ಬರಹ ಕೊಟ್ಟರೆ ಒಳ್ಳೆಯದು.

ಧಾರವಾಡದಾಂವ:

ಅಲ್ಲಿಗೂ ಬರ್ತೀನಿ. ಇಲ್ಲಿ ಒಂದ ಮಾತು ಉಳದದ. ಹೊರಗ ಹೋಗಿ ಕುಣೀಬಹುದು ಅಂದ್ರಿ, ಆದರ ಹಿಂದಿನ ಸಾಲಿನಾಕಿನ್ನ ಹೊರಗ ಯಾರು ಕರೀತಾರ? ಫೆರ್ರಿಗೆ ಪಾತ್ರ ಕಟ್ಟಿದ್ರು, ಆ ಟೀಚರಿಗೆ ಯಾರು ಕಟ್ಟತಾರ?

ಥೇಮ್ಸ್_ಕನ್ನಡತಿ:

ಯಾರೂ ಕಟ್ಟಲ್ಲ. ಅದಕ್ಕೇ ಅವರಿಗೆ ಪಿಂಚಣಿ ಬೇಕು ಅಂತ ನಾನು ಹೇಳ್ತಿರೋದು.